ಪ್ಯಾನೆಲ್ ಡಿಸೈನ್ ಮಾಡುವ ಮುಂಚೆ ಆಪರೇಟರ್ ಕೈ ನೋಡಿ

ಪೀಣ್ಯ ಇರಲಿ, ಹುಬ್ಬಳ್ಳಿಯ ಗೋಕುಲ ರಸ್ತೆ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಸಣ್ಣ ಮೆಷಿನ್‌ಗಳು ತಯಾರಾಗುವ ಕಡೆ ಕಂಟ್ರೋಲ್ ಪ್ಯಾನೆಲ್ ಕಥೆ ಹೆಚ್ಚುಕಡಿಮೆ ಒಂದೇ. ಮೆಕ್ಯಾನಿಕಲ್ ಕೆಲಸ ಮುಗಿಯುತ್ತದೆ, ವೈರಿಂಗ್ ಮುಗಿಯುತ್ತದೆ, ಪಿಎಲ್‌ಸಿ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಂ ಹೇಗೋ ಓಡಲು ಶುರುವಾಗುತ್ತದೆ, ಲಾರಿಯೂ ಬುಕ್ ಆಗಿರುತ್ತದೆ, ಆಗ ಯಾರಿಗೋ ಟಚ್ ಸ್ಕ್ರೀನ್ ನೆನಪಾಗುತ್ತದೆ. ಪ್ರೋಗ್ರಾಂ ಬರೆದವರೇ ರಾತ್ರಿ ಕೂತು, ತಮ್ಮ ಇನ್‌ಪುಟ್-ಔಟ್‌ಪುಟ್ ಪಟ್ಟಿ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಸ್ಕ್ರೀನ್ ತುಂಬಿಸಿ ಕಳಿಸುತ್ತಾರೆ. ಅವರಿಗೆ ಅದು ಸಲೀಸು. ಎಂಟು ಗಂಟೆ ಅದರ ಮುಂದೆ ನಿಲ್ಲುವವರಿಗೆ ಅಲ್ಲ.

ಪಿಎಲ್‌ಸಿ, ಟಚ್ ಪ್ಯಾನೆಲ್ ಕೆಲಸ ಮಾಡುವವರಿಗೆ, ಮೆಷಿನ್ ಆರ್ಡರ್ ಕೊಡುವ ಸಣ್ಣ ಕಾರ್ಖಾನೆ ಮಾಲೀಕರಿಗೆ, ಹಳೇ ಪ್ಯಾನೆಲ್ ಬದಲಿಸಲು ಹೊರಟ ಮೇಂಟೆನೆನ್ಸ್‌ನವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಮಸಾಲೆ ಪುಡಿ ಪೌಚ್ ಪ್ಯಾಕಿಂಗ್ ಮೆಷಿನ್ ಇಟ್ಟುಕೊಳ್ಳೋಣ. ಎಲ್ಲ ಊರಲ್ಲೂ ಇದೆ, ಎಲ್ಲರಿಗೂ ಗೊತ್ತು. ನಡುವೆ ಪವರ್ ಪ್ರೆಸ್ (ತಗಡು ಒತ್ತಿ ಕತ್ತರಿಸುವ ಮೆಷಿನ್) ವಿಷಯಕ್ಕೂ ಬರುತ್ತೇನೆ, ಯಾಕೆಂದರೆ ಅಲ್ಲಿ ಪ್ಯಾನೆಲ್ ತಪ್ಪಿದರೆ ಬೆರಳು ಹೋಗುತ್ತದೆ.

ಮೊದಲು ಹೋಗಿ ಸುಮ್ನೆ ನಿಂತು ನೋಡಿ

ಹೊಸ ಮೆಷಿನ್ ಡಿಸೈನ್ ಮಾಡುತ್ತಿದ್ದೀರಾ? ಅದೇ ಜಾತಿಯ ಹಳೇ ಮೆಷಿನ್ ಓಡುತ್ತಿರುವ ಜಾಗಕ್ಕೆ ಹೋಗಿ. ಅರ್ಧ ಗಂಟೆ ಸಾಲದು. ಶಿಫ್ಟ್ ಶುರುವಾಗುವ ಹೊತ್ತು, ರೋಲ್ ಮುಗಿಯುವ ಹೊತ್ತು, ಊಟಕ್ಕೆ ಬಿಟ್ಟು ವಾಪಸ್ ಬರುವ ಹೊತ್ತು, ಶಿಫ್ಟ್ ಕೈ ಬದಲಾಗುವ ಹೊತ್ತು, ಇವಿಷ್ಟನ್ನು ನೋಡಲೇಬೇಕು. ಆಗುವುದಾದರೆ ನೈಟ್ ಶಿಫ್ಟ್ ಕೂಡ. ಹಗಲು ಸೂಪರ್‌ವೈಸರ್ ಇರುತ್ತಾರೆ, ಮೇಂಟೆನೆನ್ಸ್ ಹುಡುಗರು ಕರೆದರೆ ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಆಪರೇಟರ್‌ಗೆ ಆ ಪ್ಯಾನೆಲ್ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ನೋಡಬೇಕಾದ್ದು ಸ್ಕ್ರೀನನ್ನಲ್ಲ, ಅದರ ಸುತ್ತಮುತ್ತ. ಮಾರ್ಕರ್ ಪೆನ್‌ನಲ್ಲಿ ಎಳೆದ ಬಾಣ. ಒಂದು ಬಟನ್ ಮೇಲೆ ಅಂಟಿಸಿದ ಇನ್ಸುಲೇಶನ್ ಟೇಪ್. ಸ್ಕ್ರೀನ್‌ನ ಒಂದೇ ಮೂಲೆಯಲ್ಲಿ ಸವೆದು ಮಂಜಾದ ಜಾಗ. ಪ್ಯಾನೆಲ್ ಕೆಳಗೆ ಯಾರೋ ತಂದಿಟ್ಟ ಮರದ ಹಲಗೆ. ಇವೆಲ್ಲ ಅಲ್ಲಿನವರು ಬಾಯಿಬಿಟ್ಟು ಕೇಳದೆ ಮಾಡಿಕೊಂಡ ರಿಪೇರಿಗಳು. ಒಂದೊಂದಕ್ಕೂ ಫೋಟೋ ತೆಗೆಯಿರಿ, ಪಕ್ಕದಲ್ಲಿ ಕಾರಣ ಬರೆಯಿರಿ. ನಿಮ್ಮ ಡಿಸೈನ್‌ಗೆ ಬೇಕಾದ ಸ್ಪೆಸಿಫಿಕೇಶನ್‌ನಲ್ಲಿ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ ಅಂತ ನನ್ನ ಅನಿಸಿಕೆ.

ಪ್ಯಾಕಿಂಗ್ ಮೆಷಿನ್‌ಗಳಲ್ಲಿ ಪದೇ ಪದೇ ಕಾಣುವ ಒಂದು ಗುರುತು ಹೇಳುತ್ತೇನೆ. ಪ್ಯಾನೆಲ್ ಬಾಗಿಲ ಮೇಲೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಬಾಲ್ ಪೆನ್‌ನಲ್ಲಿ ‘50 ಗ್ರಾಂ: 145, 150, 110’, ಕೆಳಗೆ ‘100 ಗ್ರಾಂ: 150, 155, 140’. ಮೊದಲನೆಯದು ಉದ್ದದ ಸೀಲ್ ಬಿಸಿ, ಎರಡನೆಯದು ಅಡ್ಡ ಸೀಲ್ ಬಿಸಿ, ಮೂರನೆಯದು ಪೌಚ್ ಉದ್ದ. ಸೈಜ್ ಬದಲಾದಾಗಲೆಲ್ಲ ಆಪರೇಟರ್ ಟೇಪ್ ನೋಡಿ ಒಂದೊಂದೇ ಅಂಕಿ ಒತ್ತುತ್ತಾರೆ. ವಿಚಾರಿಸಿದರೆ ಅದೇ ಮೆಷಿನ್‌ನಲ್ಲಿ ರೆಸಿಪಿ, ಅಂದರೆ ಒಂದು ಮಾಲಿನ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ, ಸೇವ್ ಮಾಡುವ ಸೌಲಭ್ಯ ಇದ್ದೇ ಇರುತ್ತದೆ! ಮೇನ್ ಮೆನು, ಅದರೊಳಗೆ ಸೆಟ್ಟಿಂಗ್ಸ್, ಅದರೊಳಗೆ ಪಾಸ್‌ವರ್ಡ್, ಅದರೊಳಗೆ ‘ರೆಸಿಪಿ 01, ರೆಸಿಪಿ 02’ ಅಂತ ಹೆಸರೇ ಇಲ್ಲದ ಪಟ್ಟಿ. ಅಷ್ಟು ಒಳಗೆ ಹೋಗಿ ಹುಡುಕುವುದಕ್ಕಿಂತ ಟೇಪ್ ವಾಸಿ. ಪರಿಹಾರ ಸುಲಭ: ಮೊದಲ ಸ್ಕ್ರೀನ್‌ನಲ್ಲೇ ‘ಸಾಂಬಾರ್ ಪುಡಿ 50’, ‘ಸಾಂಬಾರ್ ಪುಡಿ 100’ ಅಂತ ಮಾಲಿನ ಹೆಸರಿರುವ ದೊಡ್ಡ ಬಟನ್‌ಗಳು. ಒತ್ತಿದರೆ ‘ಹಾಕಲಾ?’ ಅಂತ ಒಂದೇ ಒಂದು ಸಲ ಕೇಳಬೇಕು. ಆಯಿತು.

ಮಾತಾಡಿಸುವಾಗ ಒಂದು ಎಚ್ಚರಿಕೆ. ‘ಸ್ಕ್ರೀನ್ ಹೇಗಿರಬೇಕು?’ ಅಂತ ಕೇಳಬೇಡಿ. ‘ಚೆನ್ನಾಗೇ ಇದೆ ಸಾರ್’ ಅಂತಲೇ ಉತ್ತರ ಬರುತ್ತದೆ, ಮಾಲೀಕರು ಪಕ್ಕದಲ್ಲಿ ನಿಂತಿದ್ದರಂತೂ ಬೇರೆ ಮಾತೇ ಇಲ್ಲ. ನಡೆದದ್ದನ್ನು ಕೇಳಿ. ನಿನ್ನೆ ಮೆಷಿನ್ ಯಾಕೆ ನಿಂತಿತ್ತು? ನಿಂತ ಕೂಡಲೇ ಮೊದಲು ಏನು ನೋಡಿದಿರಿ? ಹೊಸಬರು ಬಂದರೆ ಏನು ಮುಟ್ಟಬೇಡಿ ಅಂತ ಹೇಳುತ್ತೀರಿ? ‘ಅಕ್ಕ, ಈ ಬಟನ್ ಮೇಲೆ ಟೇಪ್ ಯಾಕೆ ಹಾಕಿದ್ದೀರಾ?’ ಅಂದರೆ ‘ಅಯ್ಯೋ, ಅದು ಮುಟ್ಟಿದ್ರೆ ಲೆಕ್ಕ ಎಲ್ಲಾ ಸೊನ್ನೆ ಆಗಿಬಿಡ್ತದೆ ಸಾರ್, ಆಮೇಲೆ ಸೂಪರ್‌ವೈಸರ್ ಹತ್ರ ಬೈಸ್ಕೋಬೇಕು’ ಅನ್ನುತ್ತಾರೆ. ಕೌಂಟರ್ ರೀಸೆಟ್ ಬಟನ್ ಸ್ಟಾರ್ಟ್ ಪಕ್ಕದಲ್ಲಿ ಇರಬಾರದು ಅನ್ನುವುದು ನಿಮಗೆ ಅಲ್ಲಿ ಗೊತ್ತಾಗುತ್ತದೆ, ಆಫೀಸಿನಲ್ಲಿ ಕೂತರೆ ಗೊತ್ತಾಗುವುದಿಲ್ಲ. ಹೆಲ್ಪರ್‌ಗಳನ್ನೂ ಬಿಡಬೇಡಿ. ಆಪರೇಟರ್ ರಜಾ ಹಾಕಿದ ದಿನ ಮೆಷಿನ್ ಓಡಿಸುವವರು ಅವರೇ.

ಸ್ಕ್ರೀನ್‌ಗಳನ್ನು ಕೆಲಸದ ಪ್ರಕಾರ ಭಾಗ ಮಾಡಿ

ಸಾಮಾನ್ಯವಾಗಿ ಪ್ಯಾನೆಲ್‌ನಲ್ಲಿ ‘ಹೀಟರ್’, ‘ಸರ್ವೋ’, ‘ಸೆನ್ಸರ್’, ‘ಟೈಮರ್’ ಅಂತ ಪುಟಗಳಿರುತ್ತವೆ. ಭಾಗಗಳ ಹೆಸರು. ಮೆಷಿನ್ ಕಟ್ಟಿದವರ ತಲೆ ಕೆಲಸ ಮಾಡುವುದು ಹಾಗೆ. ಆಪರೇಟರ್ ತಲೆಯಲ್ಲಿ ಇರುವುದು ಬೇರೆ: ರೋಲ್ ಹಾಕಬೇಕು, ತೂಕ ಸ್ವಲ್ಪ ಜಾಸ್ತಿ ಬರ್ತಿದೆ, ಸೀಲ್ ಬಿಡ್ತಿದೆ, ಕ್ಲೀನ್ ಮಾಡಬೇಕು, ಬ್ಯಾಚ್ ಬದಲಾಗಿದೆ. ಪುಟಗಳ ಹೆಸರು ಇವೇ ಆಗಿರಲಿ.

ರೋಲ್ ಬದಲಿಸುವುದನ್ನೇ ನೋಡಿ. ಲ್ಯಾಮಿನೇಟ್ ರೋಲ್ ಮುಗಿಯಿತು. ಆಪರೇಟರ್ ಮೆಷಿನ್ ನಿಲ್ಲಿಸಿ, ಹೊಸ ರೋಲ್ ಏರಿಸಿ, ಹಳೇ ಫಿಲ್ಮ್‌ನ ತುದಿಗೆ ಹೊಸದನ್ನು ಟೇಪ್‌ನಲ್ಲಿ ಅಂಟಿಸಿ, ರೋಲರ್‌ಗಳ ನಡುವೆ ನಿಧಾನಕ್ಕೆ ಎಳೆಸಬೇಕು. ಆಗ ಪುಡಿ ಬೀಳಬಾರದು, ಬಿದ್ದರೆ ಅಂಟಿಸಿದ ಜಾಗದ ಪೌಚ್‌ನಲ್ಲಿ ಮಾಲು ಹಾಳು. ಅಂಟು ಇರುವ ಭಾಗ ಕಾಲರ್ (ಫಿಲ್ಮನ್ನು ಕೊಳವೆಯಂತೆ ಮಡಿಸುವ ಭಾಗ) ದಾಟಿ, ಜಾ (ಬಿಸಿಯಲ್ಲಿ ಒತ್ತಿ ಸೀಲ್ ಮಾಡುವ ದವಡೆ) ದಾಟಿ ಕೆಳಗೆ ಬರುವ ತನಕ ಖಾಲಿ ಪೌಚ್ ಓಡಬೇಕು. ಆಮೇಲೆ ಐ ಮಾರ್ಕ್ (ಎಲ್ಲಿ ಕತ್ತರಿಸಬೇಕು ಅಂತ ಸೆನ್ಸರ್‌ಗೆ ತಿಳಿಸಲು ಫಿಲ್ಮ್ ಮೇಲೆ ಅಚ್ಚಾದ ಗುರುತು) ಸರಿಯಾಗಿ ಹಿಡಿಯುತ್ತಿದೆಯಾ ನೋಡಬೇಕು, ಕಟಿಂಗ್ ಡಿಸೈನ್ ಮಧ್ಯಕ್ಕೆ ಬೀಳುತ್ತಿದ್ದರೆ ಮೂರ್ನಾಲ್ಕು ಮಿಲಿಮೀಟರ್ ಹಿಂದೆ ಮುಂದೆ ಮಾಡಬೇಕು. ಡೇಟ್ ಕೋಡ್ ಬಿದ್ದಿದೆಯಾ ನೋಡಬೇಕು. ಆಮೇಲೆ ಫಿಲ್ಲಿಂಗ್ ಆನ್.

ಈಗ ಭಾಗಗಳ ಪ್ರಕಾರ ಮಾಡಿದ ಪ್ಯಾನೆಲ್‌ನಲ್ಲಿ ಇದಕ್ಕೆ ಏನಾಗುತ್ತದೆ? ಫಿಲ್ಲಿಂಗ್ ಆಫ್ ಮಾಡಲು ಆಗರ್ (ಪುಡಿ ತುಂಬುವ ಸ್ಕ್ರೂ) ಪುಟ, ಫಿಲ್ಮ್ ಎಳೆಸಲು ಮ್ಯಾನುಯಲ್ ಪುಟ, ಐ ಮಾರ್ಕ್‌ಗೆ ಸೆನ್ಸರ್ ಪುಟ, ಓಡಿಸಲು ವಾಪಸ್ ಮೇನ್ ಪುಟ. ಕೈಯಲ್ಲಿ ಟೇಪ್, ಕತ್ತರಿ, ಇನ್ನೊಂದು ಕೈಯಲ್ಲಿ ಪುಟ ತಿರುವುವುದು. ಇದರ ಬದಲು ‘ರೋಲ್ ಬದಲಿ’ ಅಂತ ಒಂದೇ ಪುಟ ಮಾಡಿ. ಒಳಗೆ ಹೋದ ಕೂಡಲೇ ಫಿಲ್ಲಿಂಗ್ ತಾನೇ ಆಫ್ ಆಗಲಿ, ಆಫ್ ಆಗಿದೆ ಅಂತ ದೊಡ್ಡದಾಗಿ ಕಾಣಲಿ. ಫಿಲ್ಮ್ ಎಳೆಸುವ ಬಟನ್, ಖಾಲಿ ಪೌಚ್ ಬಟನ್, ಮಾರ್ಕ್ ಹಿಂದೆ-ಮುಂದೆ ಬಟನ್, ಎಲ್ಲ ಅಲ್ಲೇ. ಕೊನೆಗೆ ‘ಫಿಲ್ಲಿಂಗ್ ಶುರು’. ಪಿಎಲ್‌ಸಿಯಲ್ಲಿ ಹತ್ತು ಲೈನ್ ಜಾಸ್ತಿ ಬರೆಯಬೇಕು, ಅಷ್ಟೇ. ಒಂದೊಂದು ರೋಲ್‌ಗೂ ಉಳಿಯುವ ಸಮಯ, ಉಳಿಯುವ ಫಿಲ್ಮ್ ಲೆಕ್ಕ ಹಾಕಿ ಮಾಲೀಕರಿಗೆ ತೋರಿಸಿದರೆ ಅವರೂ ಖುಷಿಯಾಗಿ ಒಪ್ಪುತ್ತಾರೆ.

ಎಲ್ಲ ಕೆಲಸಕ್ಕೂ ಇಷ್ಟು ಬೇಡ. ದಿನಕ್ಕೆ ಹತ್ತು ಸಲ ಆಗುವುದು ಒಂದೇ ಒತ್ತಿಗೆ ಸಿಗಬೇಕು, ವಾರಕ್ಕೊಮ್ಮೆ ಆಗುವುದು ಎರಡು ಒತ್ತಿಗೆ ಸಿಕ್ಕರೆ ಸಾಕು, ಸರ್ವೀಸ್ ಎಂಜಿನಿಯರ್ ಮಾತ್ರ ಮುಟ್ಟುವುದು ಎಷ್ಟು ಆಳದಲ್ಲಿದ್ದರೂ ಪರವಾಗಿಲ್ಲ.

ಯಾವುದು ಬಟನ್, ಯಾವುದು ಸ್ಕ್ರೀನ್

ಟಚ್ ಸ್ಕ್ರೀನ್ ಬಂದ ಮೇಲೆ ಎಲ್ಲವನ್ನೂ ಅದರೊಳಗೆ ತುರುಕುವ ಚಾಳಿ ಶುರುವಾಗಿದೆ. ಬಟನ್ ಒಂದಕ್ಕೆ ಇಷ್ಟು ರೂಪಾಯಿ, ವೈರಿಂಗ್ ಇಷ್ಟು, ಉಳಿಯಿತಲ್ಲ ಅಂತ. ಆದರೆ ಸ್ಕ್ರೀನ್ ಮೇಲಿನ ಬಟನ್ ಕೈಗೆ ಗೊತ್ತಾಗುವುದಿಲ್ಲ. ಒತ್ತಬೇಕಾದರೆ ಕಣ್ಣು ಅಲ್ಲಿಗೆ ಹೋಗಲೇಬೇಕು. ಫಿಲ್ಮ್ ಎಳೆಸುವಾಗ ಕಣ್ಣು ಇರಬೇಕಾದ್ದು ಫಿಲ್ಮ್ ಮೇಲೆ, ಅಲ್ವಾ? ಹಾಗಾಗಿ ಸ್ಟಾರ್ಟ್, ಸ್ಟಾಪ್, ಜಾಗ್ ಇವು ಮೂರೂ ನಿಜವಾದ ಬಟನ್ ಆಗಿರಲಿ. ಜಾಗ್ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಬೇಕು, ಬಿಟ್ಟರೆ ನಿಲ್ಲಬೇಕು, ಅದೂ ಕಡಿಮೆ ಸ್ಪೀಡಿನಲ್ಲಿ.

ಕೈಗೇ ಗೊತ್ತಾಗಬೇಕು ಅನ್ನುವುದು ಹೊಸ ಮಾತೇನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನದ ಪೈಲಟ್‌ಗಳು ಇಳಿದ ಮೇಲೆ ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಮಡಿಸಲು ಹೋಗಿ ಚಕ್ರವನ್ನೇ ಮಡಿಸಿಬಿಡುತ್ತಿದ್ದರು. ಪೈಲಟ್‌ಗಳನ್ನು ಬೈಯುವ ಬದಲು ಆಲ್ಫಾನ್ಸ್ ಚಪಾನಿಸ್ ಅನ್ನುವ ಮನಃಶಾಸ್ತ್ರಜ್ಞ ಕಾಕ್‌ಪಿಟ್ ನೋಡಿದ. ಎರಡೂ ಸ್ವಿಚ್ ಒಂದೇ ಥರ, ಅಕ್ಕಪಕ್ಕ. ಚಕ್ರದ್ದಕ್ಕೆ ರಬ್ಬರ್ ಚಕ್ರ, ಫ್ಲಾಪ್‌ನದ್ದಕ್ಕೆ ರೆಕ್ಕೆಯಂಥ ತುಂಡು ಅಂಟಿಸುವುದು ಅವನು ಸೂಚಿಸಿದ ಪರಿಹಾರ. ನಿಮ್ಮ ಪ್ಯಾನೆಲ್‌ನಲ್ಲಿ ಆರು 22 ಮಿ.ಮೀ. ಬಟನ್ ಒಂದೇ ಸಾಲಿನಲ್ಲಿ ಒಂದೇ ಅಂತರದಲ್ಲಿ ಇದ್ದರೆ ಅದೇ ತೊಂದರೆ. ಸ್ಟಾಪ್ ಸ್ವಲ್ಪ ಮುಂದಕ್ಕೆ ಚಾಚಿರಲಿ, ಸ್ಟಾರ್ಟ್ ಸುತ್ತ ರಿಂಗ್ ಇದ್ದು ಒಳಗೆ ಕೂತಿರಲಿ, ಜಾಗ್ ಬೇರೆ ಜಾಗದಲ್ಲಿ, ಫಿಲ್ಮ್ ಹತ್ತಿರವೇ ಇರಲಿ.

ಎಮರ್ಜೆನ್ಸಿ ಬಟನ್ ವಿಷಯದಲ್ಲಿ ಚರ್ಚೆಯೇ ಇಲ್ಲ. ಹಳದಿ ಹಿನ್ನೆಲೆ ಮೇಲೆ ಕೆಂಪು ಬಟನ್, ಒತ್ತಿದರೆ ಹಿಡಿದು ನಿಲ್ಲುವಂಥದ್ದು. ಐಎಸ್ಒ 13850 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಿಂತ ನೆಲದಿಂದ 0.6 ಮೀಟರ್‌ನಿಂದ 1.7 ಮೀಟರ್ ಎತ್ತರದೊಳಗೆ ಇರಬೇಕು. ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಮೆಷಿನ್ ಓಡಲು ಶುರುವಾಗಬಾರದು, ಮತ್ತೆ ಸ್ಟಾರ್ಟ್ ಕೊಟ್ಟರೇ ಓಡಬೇಕು. ಸ್ಕ್ರೀನ್ ಮೇಲೆ ಕೆಂಪು ಗುಂಡು ಚಿತ್ರ ಹಾಕಿ ‘ಎಮರ್ಜೆನ್ಸಿ’ ಅಂತ ಬರೆದರೆ ಅದು ಎಮರ್ಜೆನ್ಸಿ ಅಲ್ಲ. ಸ್ಕ್ರೀನ್ ಹ್ಯಾಂಗ್ ಆದರೆ ಏನು ಮಾಡುತ್ತೀರಿ? ಇನ್ನೊಂದು ವಿಷಯ, ಇದನ್ನು ಬಹಳ ಜನ ಯೋಚಿಸುವುದಿಲ್ಲ: ಬಿಸಿ ಜಾ ನಡುವೆ ಕೈ ಸಿಕ್ಕಾಗ ಯಾರೋ ಎಮರ್ಜೆನ್ಸಿ ಒತ್ತಿದರೆ ಜಾ ತೆರೆದುಕೊಳ್ಳುತ್ತದಾ, ಅಥವಾ ಮುಚ್ಚಿದಂತೆಯೇ ನಿಂತುಬಿಡುತ್ತದಾ? ವಾಲ್ವ್ ಆರಿಸುವಾಗಲೇ ಇದನ್ನು ತೀರ್ಮಾನ ಮಾಡಬೇಕು. ಕೈ ಬಿಡಿಸುವ ದಾರಿ ಇರಲೇಬೇಕು.

ಸ್ಕ್ರೀನ್ ಅಳತೆಗೆ ಬರೋಣ. ನಮ್ಮಲ್ಲಿ ಜಾಸ್ತಿ ಓಡುವುದು 7 ಇಂಚಿನ ಪ್ಯಾನೆಲ್. ಅಗಲ ಸುಮಾರು 154 ಮಿ.ಮೀ., ಪಿಕ್ಸೆಲ್ 800. ಅಂದರೆ ಒಂದು ಮಿಲಿಮೀಟರ್‌ಗೆ ಐದು ಪಿಕ್ಸೆಲ್ ಚಿಲ್ಲರೆ. ಕಂಪ್ಯೂಟರ್ ಮಾನಿಟರ್‌ನಲ್ಲಿ ಕೂತು 40 ಪಿಕ್ಸೆಲ್ ಬಟನ್ ಎಳೆದರೆ ಅಲ್ಲಿ ದೊಡ್ಡದಾಗೇ ಕಾಣುತ್ತದೆ, ಮೆಷಿನ್ ಮೇಲೆ ಅದು 8 ಮಿ.ಮೀ. ಮಾತ್ರ. ಗ್ಲೌಸ್ ಹಾಕಿದ ಬೆರಳಿಗೆ ಅದು ಏನೂ ಅಲ್ಲ. 15 ಮಿ.ಮೀ.ಗಿಂತ ಕಡಿಮೆ ಮಾಡಲೇಬೇಡಿ, 20 ಇದ್ದರೆ ಒಳ್ಳೆಯದು. ಅಕ್ಷರಕ್ಕೆ ಒಂದು ಲೆಕ್ಕ ಇದೆ: ಓದುವ ದೂರವನ್ನು 200ರಿಂದ ಭಾಗಿಸಿ. ಒಂದು ಮೀಟರ್ ದೂರದಿಂದ ಓದಬೇಕಾದರೆ 5 ಮಿ.ಮೀ. ಎತ್ತರ. ಕನ್ನಡಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ, ಒತ್ತಕ್ಷರ ಕೆಳಗೆ ಕೂರಬೇಕಲ್ಲ.

ಟಚ್‌ನಲ್ಲೂ ಎರಡು ಜಾತಿ. ಮೊಬೈಲ್ ಥರದ ಕೆಪ್ಯಾಸಿಟಿವ್ ಸ್ಕ್ರೀನ್ ಸಾಮಾನ್ಯ ಗ್ಲೌಸ್‌ಗೆ ಕೇಳುವುದಿಲ್ಲ. ಒತ್ತಿದರೆ ಕೆಲಸ ಮಾಡುವ ರೆಸಿಸ್ಟಿವ್ ಸ್ಕ್ರೀನ್ ನೋಡಲು ಹಳೇದು ಅನಿಸಬಹುದು, ಆದರೆ ಖಾರದ ಪುಡಿ, ಎಣ್ಣೆ, ಒದ್ದೆ ಕೈ, ಗ್ಲೌಸ್ ಇರುವ ಜಾಗಕ್ಕೆ ಅದೇ ಸರಿ.

ಎತ್ತರ. ಮಸಾಲೆ ಪ್ಯಾಕಿಂಗ್‌ನಲ್ಲಿ ಹೆಂಗಸರೇ ಜಾಸ್ತಿ. ನಮ್ಮ ದೇಶದಲ್ಲಿ ಹೆಂಗಸರ ಸರಾಸರಿ ಎತ್ತರ 152 ಸೆಂ.ಮೀ. ಆಸುಪಾಸು, ಅಂದರೆ ಕಣ್ಣು ಇರುವುದು 140ರ ಹತ್ತಿರ. ಆರಡಿ ಎಂಜಿನಿಯರ್ ತನ್ನ ಕಣ್ಣಳತೆಗೆ ಪ್ಯಾನೆಲ್ ಕೂರಿಸಿ ಹೋಗಿರುತ್ತಾನೆ, ಇವರು ದಿನವಿಡೀ ಕತ್ತೆತ್ತಿ ನೋಡಬೇಕು. ಮೇಲೆ ಹೇಳಿದ ಮರದ ಹಲಗೆ ಬಂದದ್ದು ಹಾಗೆ. ಸ್ಕ್ರೀನ್ ಮೇಲಂಚು 140 ದಾಟದಿರಲಿ, ಸ್ವಲ್ಪ ಹಿಂದಕ್ಕೆ ವಾಲಿರಲಿ. ತಿರುಗುವ ತೋಳಿನ ಮೇಲೆ ಕೂರಿಸಿದರೆ ಇನ್ನೂ ಚೆನ್ನ.

ಬಣ್ಣ ಕಡಿಮೆ ಮಾಡಿ

ಸ್ಕ್ರೀನ್‌ನಲ್ಲಿ ಓಡುತ್ತಿರುವುದೆಲ್ಲ ಹಸಿರು, ತಿರುಗುವ ಫ್ಯಾನ್, ಮಿನುಗುವ ಕಂಪನಿ ಲೋಗೋ, ನೀಲಿ ಗ್ರೇಡಿಯಂಟ್. ಡೆಮೊ ದಿನ ಚೆಂದ ಕಾಣುತ್ತದೆ. ಆಮೇಲೆ ನಿಜವಾಗಿ ಏನೋ ಕೆಟ್ಟಾಗ ಅದು ಕಾಣುವುದೇ ಇಲ್ಲ. ಬೂದು ಹಿನ್ನೆಲೆ, ಕಪ್ಪು ಅಕ್ಷರ, ಎಲ್ಲ ಸರಿ ಇದ್ದಾಗ ಬಣ್ಣವೇ ಇಲ್ಲ, ಏನೋ ತಪ್ಪಿದಾಗ ಮಾತ್ರ ಬಣ್ಣ. ದೊಡ್ಡ ಪ್ಲಾಂಟ್‌ಗಳ ಕಂಟ್ರೋಲ್ ರೂಮ್‌ನಲ್ಲಿ ಈಗ ನಡೆಯುವುದು ಹೀಗೆ. ಮಾಲೀಕರಿಗೆ ಮೊದಲು ‘ಡಲ್ ಆಯ್ತು’ ಅನಿಸುತ್ತದೆ, ಸ್ವಲ್ಪ ವಾದ ಮಾಡಬೇಕಾಗುತ್ತದೆ, ಮಾಡಿ.

ಬಟನ್ ಮತ್ತು ದೀಪದ ಬಣ್ಣಕ್ಕೆ ಐಇಸಿ 60204-1 ಅನ್ನುವ ಮಾನದಂಡ ಇದೆ. ಕೆಂಪು ಎಂದರೆ ಅಪಾಯ ಅಥವಾ ಎಮರ್ಜೆನ್ಸಿ, ಹಳದಿ ಎಂದರೆ ಏನೋ ಸರಿ ಇಲ್ಲ, ನೀಲಿ ಎಂದರೆ ನೀವು ಏನೋ ಮಾಡಬೇಕು. ಸ್ಟಾರ್ಟ್‌ಗೆ ಕೆಂಪು ಹಾಕುವ ಹಾಗೇ ಇಲ್ಲ. ರೀಸೆಟ್‌ಗೆ ನೀಲಿ ಹಾಕಿದರೆ ‘ನೀಲಿ ಒತ್ತಿ’ ಅಂತ ಫೋನ್‌ನಲ್ಲೇ ಹೇಳಬಹುದು, ಸರ್ವೀಸ್‌ನವರಿಗೆ ಎಷ್ಟೋ ಓಡಾಟ ಉಳಿಯುತ್ತದೆ. ಕೆಂಪು-ಹಸಿರು ಬೇರೆ ಮಾಡಿ ನೋಡಲು ಆಗದ ಗಂಡಸರು ಎಲ್ಲ ಕಾರ್ಖಾನೆಯಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ, ಬಹಳ ಸಲ ಅವರಿಗೇ ಗೊತ್ತಿರುವುದಿಲ್ಲ. ಬಣ್ಣದ ಜೊತೆ ಜಾಗ, ಆಕಾರ, ಪದ ಯಾವುದಾದರೂ ಒಂದು ಬದಲಾಗಲಿ.

ಕನ್ನಡ ಹಾಕಿ, ಆದರೆ ಪರೀಕ್ಷೆ ಮಾಡಿ ಹಾಕಿ

ಶಾಪ್‌ನಲ್ಲಿ ಬಾಯಲ್ಲಿ ಏನು ಅನ್ನುತ್ತಾರೋ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಸ್ಟಾರ್ಟ್, ರೀಸೆಟ್, ಹೀಟರ್ ಅಂತಲೇ ಇರಲಿ. ನಿಘಂಟು ತೆಗೆಯಬೇಡಿ.

ದೊಡ್ಡ ತಲೆನೋವು ಫಾಂಟ್. ಎಷ್ಟೋ ಟಚ್ ಪ್ಯಾನೆಲ್‌ಗಳಿಗೆ ಯುನಿಕೋಡ್ ಗೊತ್ತಿದ್ದರೂ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಸರಿಯಾಗಿ ಕಾಣುವ ‘ಸ್ಟ್ರೋಕ್’ ಮೆಷಿನ್‌ಗೆ ಹಾಕಿದ ಮೇಲೆ ಸ, ಟ, ರ ಬಿಡಿಬಿಡಿಯಾಗಿ, ಅರ್ಧಾಕ್ಷರದ ಗುರುತುಗಳ ಸಮೇತ ನಿಂತಿರುತ್ತದೆ. ಪ್ಯಾನೆಲ್ ಖರೀದಿಗೆ ಮುಂಚೆಯೇ ‘ಸ್ಟ್ರೋಕ್’, ‘ಉಷ್ಣಾಂಶ’, ‘ಮುಚ್ಚಿಲ್ಲ’ ಇಂಥ ನಾಲ್ಕು ಪದ ಹಾಕಿ ನಿಜವಾದ ಪ್ಯಾನೆಲ್ ಮೇಲೆ ನೋಡಿ, ಸಾಫ್ಟ್‌ವೇರ್‌ನ ಸಿಮ್ಯುಲೇಟರ್ ಮೇಲೆ ಅಲ್ಲ. ಒಡೆದು ಬಂದರೆ ಬಟನ್ ಹೆಸರುಗಳನ್ನು ಚಿತ್ರ ಮಾಡಿ ಹಾಕಬಹುದು, ಅಲಾರಂ ಸಾಲುಗಳಿಗೂ ಚಿತ್ರದ ಪಟ್ಟಿ ಮಾಡಿ ನಂಬರ್ ಪ್ರಕಾರ ತೋರಿಸಬಹುದು. ಕೆಲಸ ಜಾಸ್ತಿ, ಆದರೆ ಒಂದೇ ಸಲ.

ಇನ್ನು, ಆ ಮೆಷಿನ್ ಮುಂದೆ ನಿಲ್ಲುವವರೆಲ್ಲ ಕನ್ನಡದವರೇ ಆಗಿರಬೇಕಿಲ್ಲ. ಒಡಿಶಾ, ಬಿಹಾರ, ಜಾರ್ಖಂಡ್‌ನಿಂದ ಬಂದವರು ಬೆಂಗಳೂರಿನ ಯಾವ ಶೆಡ್‌ಗೆ ಹೋದರೂ ಸಿಗುತ್ತಾರೆ. ಭಾಷೆ ಬದಲಿಸುವ ಬಟನ್ ಮೊದಲ ಪುಟದಲ್ಲೇ ಇರಲಿ, ಒಂದೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರಲಿ. ಚಿತ್ರ ಹಾಕಿದರೆ ಎಲ್ಲರಿಗೂ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಚಿತ್ರದ ಕೆಳಗೆ ಪದ ಬೇಕೇಬೇಕು.

ಅಲಾರಂ

ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ರಿಫೈನರಿಯಲ್ಲಿ 1994ರ ಜುಲೈ 24ರಂದು ಸ್ಫೋಟ ಆಯಿತು. ಅದಕ್ಕೆ ಹಿಂದಿನ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರಂ 275. ಅಂದರೆ ಎರಡೂವರೆ ಸೆಕೆಂಡಿಗೆ ಒಂದು. ಯಾರು ಓದುತ್ತಾರೆ? ಒತ್ತಿ ಒತ್ತಿ ಬಾಯಿ ಮುಚ್ಚಿಸುವುದೇ ಕೆಲಸವಾಗುತ್ತದೆ. ಪೌಚ್ ಮೆಷಿನ್‌ನಲ್ಲಿ ಸ್ಫೋಟ ಆಗುವುದಿಲ್ಲ ಸರಿ, ಆದರೆ ಬಜರ್ ವೈರ್ ಕಿತ್ತು ಹಾಕಿದ ಎಷ್ಟು ಪ್ಯಾನೆಲ್ ನೀವೇ ನೋಡಿಲ್ಲ? ಆಪರೇಟರ್ ಏನೂ ಮಾಡಬೇಕಾಗಿಲ್ಲ ಅಂದರೆ ಅದು ಅಲಾರಂ ಅಲ್ಲ, ಸುಮ್ನೆ ಒಂದು ಮಾಹಿತಿ. ಅದಕ್ಕೆ ಬಜರ್ ಬೇಡ, ಪಾಪ್‌ಅಪ್ ಬೇಡ.

ಉಳಿದ ಅಲಾರಂಗಳಲ್ಲಿ ಮೂರು ಇರಲಿ: ಏನಾಯಿತು, ಎಲ್ಲಿ, ಏನು ಮಾಡಬೇಕು. ‘ಫಾಲ್ಟ್ 27: ಎಕ್ಸ್ 14 ಆಫ್’ ಅಂದರೆ (ಎಕ್ಸ್ 14 ಅನ್ನುವುದು ಪಿಎಲ್‌ಸಿಯ ಒಂದು ಇನ್‌ಪುಟ್ ನಂಬರ್) ಅದು ಎಲೆಕ್ಟ್ರಿಷಿಯನ್‌ಗೆ ಬರೆದ ಚೀಟಿ. ‘ಹಿಂದಿನ ಗಾರ್ಡ್ ಮುಚ್ಚಿಲ್ಲ. ಮುಚ್ಚಿ, ನೀಲಿ ಬಟನ್ ಒತ್ತಿ’ ಅಂದರೆ ಯಾರು ಬೇಕಾದರೂ ಸರಿ ಮಾಡುತ್ತಾರೆ. ಆ ಎಕ್ಸ್ 14ನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬೇಕಾದರೆ ಇಡಿ, ಮೇಂಟೆನೆನ್ಸ್‌ನವರಿಗೂ ಬೇಕಲ್ಲ. ಒಂದು ಕಾರಣಕ್ಕೆ ಮೆಷಿನ್ ನಿಂತಾಗ ಹಿಂದೆಯೇ ಇನ್ನೈದು ಅಲಾರಂ ಬರುತ್ತವೆ. ಏರ್ ಪ್ರೆಷರ್ ಬಿದ್ದರೆ ಜಾ ಮುಚ್ಚಿಲ್ಲ, ಕಟರ್ ಬಂದಿಲ್ಲ, ಸರ್ವೋ ರೆಡಿ ಇಲ್ಲ, ಹೀಗೆ. ಮೊದಲು ಬಂದದ್ದನ್ನು ಹಿಡಿದಿಟ್ಟು ಮೇಲೆ ದೊಡ್ಡದಾಗಿ ತೋರಿಸಿ.

ಇನ್ನೊಂದು, ಇದು ಅಲಾರಂಗೆ ಮಾತ್ರ ಅಲ್ಲ, ಎಲ್ಲ ದೀಪಗಳಿಗೂ. ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಒಂದು ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ಕಂಟ್ರೋಲ್ ರೂಮ್‌ನ ದೀಪ ಆರಿತ್ತು, ಆಪರೇಟರ್‌ಗಳು ಮುಚ್ಚಿದೆ ಅಂತ ತಿಳಿದರು. ಆ ದೀಪ ನಿಜವಾಗಿ ಹೇಳುತ್ತಿದ್ದದ್ದು ವಾಲ್ವ್‌ನ ಸೊಲೆನಾಯ್ಡ್‌ಗೆ (ಅದನ್ನು ತೆರೆಯುವ ವಿದ್ಯುತ್ ಸುರುಳಿಗೆ) ಕರೆಂಟ್ ಇಲ್ಲ ಅಂತ ಮಾತ್ರ. ಎರಡು ಗಂಟೆಗೂ ಹೆಚ್ಚು ಹೊತ್ತು ಅದು ಹಾಗೇ ತೆರೆದಿತ್ತು. ನಮ್ಮ ಸಣ್ಣ ಮೆಷಿನ್‌ಗಳಲ್ಲಿ ಈ ತಪ್ಪು ದಿನಾ ನಡೆಯುತ್ತದೆ: ಪಿಎಲ್‌ಸಿ ಔಟ್‌ಪುಟ್ ಆನ್ ಆದ ಕೂಡಲೇ ಸ್ಕ್ರೀನ್‌ನಲ್ಲಿ ‘ಸಿಲಿಂಡರ್ ಮುಂದೆ’ ಅಂತ ಬಂದುಬಿಡುತ್ತದೆ, ಸಿಲಿಂಡರ್ ಅಲ್ಲಾಡಿರುವುದೇ ಇಲ್ಲ. ಸಿಲಿಂಡರ್ ಮೇಲೆ ರೀಡ್ ಸ್ವಿಚ್ (ಸಿಲಿಂಡರ್ ನಿಜವಾಗಿ ಎಲ್ಲಿದೆ ಅಂತ ಹೇಳುವ ಸೆನ್ಸರ್) ಹಾಕಿ, ಅದು ಹೇಳಿದ್ದನ್ನು ತೋರಿಸಿ. ಸೆನ್ಸರ್ ಹಾಕಲು ಆಗದಿದ್ದರೆ ‘ಮುಂದೆ ಹೋಗಲು ಹೇಳಿದೆ’ ಅಂತಲೇ ಬರೆಯಿರಿ.

ಪ್ರೆಸ್: ಕಡ್ಡಿ ಸಿಕ್ಕಿಸುವವರನ್ನು ಬೈಯುವ ಮುಂಚೆ

ಪವರ್ ಪ್ರೆಸ್‌ಗೆ ಎರಡು ಕೈ ಬಟನ್ ಇರುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ (ತಗಡು ಒತ್ತುವ ಅಚ್ಚು) ಒಳಗೆ ಕೈ ಇರುವುದಿಲ್ಲ ಅನ್ನುವುದು ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಶಾಪ್‌ಗೆ ಹೋದರೆ ಒಂದು ಬಟನ್‌ಗೆ ಕಡ್ಡಿ ಸಿಕ್ಕಿಸಿಯೋ ನಾಣ್ಯ ತುರುಕಿಯೋ ಖಾಯಂ ಒತ್ತಿದ ಹಾಗೆ ಮಾಡಿರುತ್ತಾರೆ. ಸೇಫ್ಟಿ ಆಫೀಸರ್ ಬೈಯುತ್ತಾರೆ, ಕಡ್ಡಿ ಹೋಗುತ್ತದೆ, ಮಾರನೇ ದಿನ ವಾಪಸ್ ಬರುತ್ತದೆ.

ಯಾಕೆ ಅಂತ ಹತ್ತಿರ ನಿಂತು ನೋಡಿ. ಬಟನ್ ಭುಜದ ಎತ್ತರದಲ್ಲಿದೆ. ಒಂದು ಶಿಫ್ಟ್‌ನಲ್ಲಿ ಸಾವಿರಾರು ಸಲ ಎರಡೂ ತೋಳು ಎತ್ತಿ, ಗಟ್ಟಿ ಸ್ಪ್ರಿಂಗ್ ಇರುವ ಬಟನ್ ಅದುಮಬೇಕು. ಸಂಜೆಗೆ ಭುಜ ಎತ್ತಲು ಆಗುವುದಿಲ್ಲ. ಮೇಲಿಂದ ಪೀಸ್ ಲೆಕ್ಕದಲ್ಲಿ ಸಂಬಳ. ಕಡ್ಡಿ ಸಿಕ್ಕಿಸಿದರೆ ಒಂದು ಕೈ ಖಾಲಿ, ಮುಂದಿನ ಜಾಬ್ (ಒತ್ತಬೇಕಾದ ತುಂಡು) ಎತ್ತಿಕೊಳ್ಳಬಹುದು. ಇದು ಸೋಮಾರಿತನ ಅಲ್ಲ. ಮೆಷಿನ್ ಹಾಗೆ ಮಾಡಿಸುತ್ತಿದೆ.

ಸರಿ ಮಾಡುವುದು ಹೀಗೆ. ಬಟನ್‌ಗಳನ್ನು ಮೊಣಕೈ ಎತ್ತರಕ್ಕೆ ಇಳಿಸಿ, ಅಂಗೈ ಇಟ್ಟರೆ ಸಾಕು ಅನ್ನುವಂಥ ಹಗುರ ಬಟನ್ ಹಾಕಿ. ಎರಡರ ನಡುವೆ ಒಂದೇ ಕೈ ಚಾಚಿ ಒತ್ತಲು ಆಗದಂತೆ ಕನಿಷ್ಠ 260 ಮಿ.ಮೀ., ಮೊಣಕೈ ಮತ್ತು ಅಂಗೈ ಸೇರಿಸಿ ಒತ್ತುವುದನ್ನೂ ತಡೆಯಲು 550 ಮಿ.ಮೀ. ಇಡಿ. ಐಎಸ್ಒ 13851ರಲ್ಲಿ ಈ ಅಳತೆಗಳಿವೆ. ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಸ್ಟ್ರೋಕ್ (ಪ್ರೆಸ್‌ನ ಒಂದು ಹೊಡೆತ) ಬರಬೇಕು, ಮುಂದಿನ ಸ್ಟ್ರೋಕ್‌ಗೆ ಎರಡನ್ನೂ ಬಿಟ್ಟು ಮತ್ತೆ ಒತ್ತಲೇಬೇಕು. ಇದಕ್ಕೆ ಸೇಫ್ಟಿ ರಿಲೇ ಸಿಗುತ್ತದೆ, ಸಾಮಾನ್ಯ ಪಿಎಲ್‌ಸಿಯಲ್ಲಿ ಟೈಮರ್ ಬರೆದು ಮಾಡಬೇಡಿ. ಆಗ ಕಡ್ಡಿ ಇಟ್ಟರೂ ಪ್ರೆಸ್ ಕೆಲಸ ಮಾಡುವುದಿಲ್ಲ.

ಬಟನ್ ಡೈನಿಂದ ಎಷ್ಟು ದೂರ ಇರಬೇಕು? ಕೈ ಸೆಕೆಂಡಿಗೆ 1600 ಮಿ.ಮೀ. ಹೋಗುತ್ತದೆ ಅಂತ ಲೆಕ್ಕ. ಬಟನ್ ಬಿಟ್ಟ ಮೇಲೆ ಪ್ರೆಸ್ ನಿಲ್ಲಲು 0.3 ಸೆಕೆಂಡ್ ಬೇಕಾದರೆ 480 ಮಿ.ಮೀ., ಅದಕ್ಕೆ ಹೆಚ್ಚುವರಿ ಅಂತರ ಅಂತ 250 ಸೇರಿಸಿ, 730 ಮಿ.ಮೀ. ಬ್ರೇಕ್ ಸವೆದರೆ ನಿಲ್ಲುವ ಸಮಯ ಜಾಸ್ತಿಯಾಗುತ್ತದೆ, ದೂರವೂ ಜಾಸ್ತಿ ಬೇಕು. ಆಗಾಗ ಅಳೆಯಿರಿ.

ಹಳೇ ಪಿನ್ ಕ್ಲಚ್ ಪ್ರೆಸ್ ಆಗಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಕ್ಲಚ್ ಒಮ್ಮೆ ಹಿಡಿದರೆ ಪೂರ್ತಿ ಸುತ್ತು ತಿರುಗದೆ ಬಿಡುವುದಿಲ್ಲ, ಮಧ್ಯದಲ್ಲಿ ಬಟನ್ ಬಿಟ್ಟರೂ ಎಮರ್ಜೆನ್ಸಿ ಒತ್ತಿದರೂ ನಿಲ್ಲುವುದಿಲ್ಲ. ಅಂಥದ್ದಕ್ಕೆ ಡೈ ಸುತ್ತ ಗಟ್ಟಿ ಗಾರ್ಡ್ ಹಾಕಿ, ಜಾಬ್ ಮಾತ್ರ ಹೋಗುವಷ್ಟು ಸಂದಿ ಬಿಡಿ. ಚೆಂದದ ಪ್ಯಾನೆಲ್ ಅಲ್ಲಿ ಯಾರನ್ನೂ ಉಳಿಸುವುದಿಲ್ಲ.

ಪಾಸ್‌ವರ್ಡ್, ಟಾರ್ಗೆಟ್

ಎಲ್ಲದಕ್ಕೂ ಪಾಸ್‌ವರ್ಡ್ ಹಾಕಿದರೆ ಪಾಸ್‌ವರ್ಡ್ ಪ್ಯಾನೆಲ್ ಮೇಲೇ ಬರೆದಿರುತ್ತದೆ. 1111 ಇಲ್ಲವೇ 1234. ಆಪರೇಟರ್ ದಿನಾ ಬದಲಿಸಬೇಕಾದ್ದಕ್ಕೆ ಪಾಸ್‌ವರ್ಡ್ ತೆಗೆಯಿರಿ, ಬದಲಿಗೆ ಮಿತಿ ಹಾಕಿ. ಸೀಲ್ ಬಿಸಿ ರೆಸಿಪಿಗಿಂತ ಹತ್ತು ಡಿಗ್ರಿ ಮೇಲೆ ಕೆಳಗೆ ಅವರೇ ಮಾಡಿಕೊಳ್ಳಲಿ. ಬೆಳಗ್ಗೆ ತಣ್ಣಗಿದ್ದಾಗ ಒಂದು ಥರ, ಮಧ್ಯಾಹ್ನ ಒಂದು ಥರ, ಫಿಲ್ಮ್ ಲಾಟ್ ಬದಲಾದರೆ ಇನ್ನೊಂದು ಥರ. ಇದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಈಚೆಗೆ ಮಾಲೀಕರು ಇನ್ನೊಂದು ಕೇಳುತ್ತಾರೆ: ಆಪರೇಟರ್ ಮುಂದೆಯೇ ‘ಟಾರ್ಗೆಟ್‌ಗಿಂತ 340 ಹಿಂದೆ’ ಅಂತ ಕೆಂಪಾಗಿ ದೊಡ್ಡದಾಗಿ ಬರಲಿ ಅಂತ. ನಾನು ಹಾಕಬೇಡಿ ಅನ್ನುತ್ತೇನೆ. ಸೀಲ್ ಸರಿ ಇಲ್ಲದಿದ್ದರೂ ಓಡಿಸಿಬಿಡುವುದು, ಜಾಮ್ ಆದದ್ದನ್ನು ಮೆಷಿನ್ ನಿಲ್ಲಿಸದೆ ಕೈ ಹಾಕಿ ಎಳೆಯುವುದು, ಇದಕ್ಕೆಲ್ಲ ಆ ಕೆಂಪು ಅಂಕಿಯೇ ದಾರಿ. ಅವರಿಗೆ ಬೇಕಾದ್ದು ಎಷ್ಟು ಆಯಿತು, ರೋಲ್ ಇನ್ನು ಎಷ್ಟು ಹೊತ್ತು ಬರುತ್ತದೆ ಅನ್ನುವುದು. ಅದನ್ನು ತೋರಿಸಿ. ಉಳಿದದ್ದು ಆಫೀಸ್ ಕಂಪ್ಯೂಟರ್‌ಗೆ ಹೋಗಲಿ.

ಕಾಗದದ ಮೇಲೆ ಮೊದಲು ಪರೀಕ್ಷೆ ಮಾಡಿ

ಪ್ರೋಗ್ರಾಂ ಬರೆಯುವ ಮುಂಚೆ ಪುಟಗಳನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಪ್ಯಾನೆಲ್ ಬರುವ ಜಾಗದಲ್ಲಿ ನೇತುಹಾಕಿ. ಆಪರೇಟರ್‌ರನ್ನು ಕರೆದು ‘ರೋಲ್ ಮುಗಿದಿದೆ ಅಂದುಕೊಳ್ಳಿ, ಈಗ ಏನು ಒತ್ತುತ್ತೀರಿ?’ ಅಂತ ಕೇಳಿ. ಒತ್ತಿದ ಹಾಗೆ ಪುಟ ಬದಲಿಸುತ್ತಾ ಹೋಗಿ. ಬಾಯಿ ಬಿಡಬೇಡಿ, ಇದು ಬಹಳ ಕಷ್ಟ. ‘ಅಲ್ಲ ಅಲ್ಲ, ಮೇಲಿದೆ ನೋಡಿ’ ಅಂತ ನಾಲಿಗೆ ತುದಿಗೆ ಬರುತ್ತದೆ. ಬೆರಳು ಎಲ್ಲಿ ತಡೆಯಿತು, ಎಲ್ಲಿ ತಪ್ಪು ಕಡೆ ಹೋಯಿತು, ಅಷ್ಟು ಬರೆದುಕೊಳ್ಳಿ. ಮೂರ್ನಾಲ್ಕು ಜನ ಒಂದೇ ಕಡೆ ತಡವರಿಸಿದರೆ ಆ ಪುಟ ಬದಲಿಸಿ.

ಮೆಷಿನ್ ಮೇಲೆ ಹಾಕಿದ ಮೇಲೆ ಇನ್ನೊಂದು ಸುತ್ತು. ಗ್ಲೌಸ್ ಹಾಕಿ, ಕೈಗೆ ಪುಡಿ ಮೆತ್ತಿಕೊಂಡು, ಪಕ್ಕದಲ್ಲಿ ಕಂಪ್ರೆಸರ್ ಓಡುತ್ತಿರುವಾಗ, ಕಿಟಕಿ ಬಿಸಿಲು ಸ್ಕ್ರೀನ್ ಮೇಲೆ ಬೀಳುವ ಹೊತ್ತಿನಲ್ಲಿ. ಮುಖ್ಯವಾಗಿ, ಪೌಚ್ ಅರ್ಧ ಆಗಿರುವಾಗ ಮೇನ್ ಸ್ವಿಚ್ ಆಫ್ ಮಾಡಿ. ಕರೆಂಟ್ ಹೋಗುವುದು ನಮ್ಮಲ್ಲಿ ಅಪರೂಪದ ಘಟನೆ ಏನಲ್ಲ, ಆದರೂ ಡಿಸೈನ್‌ನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರೆಂಟ್ ಬಂದಾಗ ಮೆಷಿನ್ ತಾನಾಗಿ ಓಡಬಾರದು. ಯಾವ ರೆಸಿಪಿ ಇತ್ತು, ಕೌಂಟ್ ಎಷ್ಟಿತ್ತು, ಎರಡೂ ಉಳಿದಿರಬೇಕು. ‘ಹೀಟರ್ ಈಗ 96, ಬೇಕಾದ್ದು 145, ಕಾಯಿರಿ’ ಅಂತ ತೋರಿಸಬೇಕು, ಬಿಸಿಯಾಗದೆ ಸ್ಟಾರ್ಟ್ ತೆಗೆದುಕೊಳ್ಳಬಾರದು. ಜಾ ಒಳಗೆ ಅಂಟಿಕೊಂಡ ಅರ್ಧ ಪೌಚ್ ತೆಗೆಯಲು ‘ಜಾ ತೆರೆ’ ಬಟನ್ ಅದೇ ಪುಟದಲ್ಲಿ ಬೇಕು.

ಡೆಲಿವರಿ ಆಗಿ ಒಂದು ತಿಂಗಳ ಮೇಲೆ ಮತ್ತೆ ಹೋಗುವುದನ್ನು ಕೊಟೇಶನ್‌ನಲ್ಲೇ ಸೇರಿಸಿ, ಬಿಟ್ಟಿ ಮಾಡಬೇಡಿ. ಹೋದಾಗ ಒಂದೆರಡು ಪದ ಬದಲಿಸುವುದು, ಒಂದು ಬಟನ್ ದೊಡ್ಡದು ಮಾಡುವುದು ಇದ್ದೇ ಇರುತ್ತದೆ. ಟಚ್ ಪ್ಯಾನೆಲ್‌ನ ಪ್ರೋಗ್ರಾಂ ಬ್ಯಾಕಪ್ ಮತ್ತು ಕನ್ನಡ ಸಾಲುಗಳ ಫೈಲ್ ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿ ಮಾಲೀಕರಿಗೆ ಕೊಟ್ಟು ಬನ್ನಿ. ನೀವು ಬೇರೆ ಊರಲ್ಲಿದ್ದಾಗ ಅಲ್ಲಿನ ಎಲೆಕ್ಟ್ರಿಷಿಯನ್ ಒಂದು ಪದ ಬದಲಿಸಬೇಕಾದರೆ ನಿಮ್ಮ ಫೋನ್‌ಗೆ ಕಾಯುವಂತೆ ಆಗಬಾರದು.